ಬಿದಿಗೆಯ ಇಳಿತ, ಉತ್ತರದ ಕೇಂದ್ರ

ತ್ರಾಸಿ

ನಮ್ಮೂರು ತ್ರಾಸಿಯ ಹೊಳೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದರೂ ಈಗ ನಾನು ಮುಂದೆ ನೋಡುವುದಿಲ್ಲ, ಹಿಂದೆ ನೋಡುತ್ತೇನೆ. ಫ್ರಾನ್ಸಿನಿಂದ ಬಂದು ವರ್ಷಗಳಾದವು, ಅಭ್ಯಾಸ ಹೋಗಿಲ್ಲ. ಹತ್ತು ದಿನದ ಪ್ರವಾಸ ಅದು. ಕಂಡ ಇಗರ್ಜಿಗಳೂ ತಿಂದ ರೊಟ್ಟಿಗಳೂ ಒಂದೊಂದಾಗಿ ಮರೆಯುತ್ತಿವೆ. ಒಂದು ಮಧ್ಯಾಹ್ನ ಮಾತ್ರ ದಿನ ಕಳೆದಷ್ಟೂ ಹತ್ತಿರ ಬರುತ್ತಿದೆ.

ಹೋದದ್ದು ಎಕ್ಸ್-ರೇ ಖಗೋಳಶಾಸ್ತ್ರದ ಒಂದು ಸಭೆಗೆ. ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಬಂದವನು ರಘುರಾಮ, ಬ್ರಹ್ಮಾವರದ ಕಡೆಯ ಕಾಲೇಜಿನವನು, ಕೊಕ್ಕರ್ಣೆಯ ಬೇಸಾಯದ ಮನೆಯವನು. ಇಬ್ಬರಿಗೂ ಒಬ್ಬರೇ ಮಾರ್ಗದರ್ಶಕರು. ನನಗಿಂತ ಆರು ವರ್ಷ ಚಿಕ್ಕವನಾದ್ದರಿಂದ ಅವನಿಗೆ ನಾನು ಸುಮತಿಯಕ್ಕ. ಬಾಹ್ಯಾಕಾಶದಲ್ಲಿ ತಿರುಗುವ ದೂರದರ್ಶಕಗಳು ಕಂಡದ್ದನ್ನು ಸ್ವಲ್ಪ ಕಾಲದ ನಂತರ ಯಾರು ಬೇಕಾದರೂ ಪಡೆದು ನೋಡಬಹುದು. ಕುಂದಾಪುರದ ಇಂಟರ್ನೆಟ್ಟಿನಲ್ಲಿ ಅದು ಇಳಿಯುತ್ತಿರಲಿಲ್ಲ. ಮಾರ್ಗದರ್ಶಕರು ಸೀಡಿಯಲ್ಲಿ ಹಾಕಿ ಅಂಚೆಗೆ ಕೊಡುತ್ತಿದ್ದರು. ಹಾಗೆ ಅಂಚೆಯವನ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದದ್ದು ಒಂದಕ್ಕೊಂದು ಬೆರೆಯುತ್ತಿರುವ ಎರಡು ಗ್ಯಾಲಕ್ಸಿಗಳು.

ಇಂಥ ಎರಡು ಗ್ಯಾಲಕ್ಸಿಗಳು ಕೋಟ್ಯಂತರ ವರ್ಷ ಒಂದನ್ನೊಂದು ಎಳೆದು, ಹಿಂಜಿ, ಕೊನೆಗೆ ಒಂದಾಗುತ್ತವೆ. ಒಂದೊಂದರ ನಡುವೆಯೂ ಒಂದು ಕಪ್ಪುಕುಳಿ ಇರುತ್ತದೆ. ಈ ಎಳೆದಾಟದಲ್ಲಿ ಅನಿಲ, ದೂಳು ಎಲ್ಲ ನಡುವಿಗೆ ಜರಿದು ಕುಳಿಯ ಕಡೆಗೆ ಬೀಳುತ್ತದೆ. ಬೀಳುವ ಮುಂಚೆ ಕಾದು ಎಕ್ಸ್-ರೇ ಚೆಲ್ಲುತ್ತದೆ. ಅಂಥ ಕೇಂದ್ರಕ್ಕೆ ನಾವಿಬ್ಬರು ‘ಎಚ್ಚರದ ಕೇಂದ್ರ’ ಎನ್ನುತ್ತಿದ್ದೆವು. ತೊಡಕೆಂದರೆ, ಕುಳಿಗೆ ಉಣಿಸುವ ಅನಿಲವೇ ಅದರ ಮುಂದೆ ಪರದೆಯಾಗಿಯೂ ನಿಲ್ಲುತ್ತದೆ. ಮೃದುವಾದ ಎಕ್ಸ್-ರೇ ಪರದೆಯಲ್ಲೇ ಇಂಗುತ್ತದೆ, ಗಡಸಾದದ್ದು ಮಾತ್ರ ದಾಟಿ ಬರುತ್ತದೆ. ಪರದೆ ಎಷ್ಟು ದಪ್ಪ ಎಂದು ತಿಳಿಯದೆ ಹಿಂದೆ ಇರುವುದು ಉರಿಯುವ ಒಲೆಯೋ ಬರೀ ಬೂದಿಯೋ ಎಂದು ಹೇಳಲಾಗದು.

ನಮ್ಮ ಜೋಡಿಯಲ್ಲಿ ದಕ್ಷಿಣದ ಕೇಂದ್ರ ಚೆನ್ನಾಗಿ ಉರಿಯುತ್ತಿತ್ತು. ಉತ್ತರದ್ದು ಮಂಕು. ದಕ್ಷಿಣದಲ್ಲಿ ಅಳೆದ ಪರದೆಯ ದಪ್ಪವನ್ನೇ ಉತ್ತರಕ್ಕೂ ಹಾಕಿ ನಾನು ಲೆಕ್ಕ ಮುಗಿಸಿದ್ದೆ: ಉತ್ತರದ್ದು ಎಚ್ಚರವಿಲ್ಲ.

ರಘುರಾಮ ಒಪ್ಪಿರಲಿಲ್ಲ. ದಪ್ಪ ಪರದೆಯಲ್ಲಿರುವ ಕಬ್ಬಿಣ, ಎಕ್ಸ್-ರೇ ತಾಗಿದಾಗ ತನ್ನದೇ ಒಂದು ಗೆರೆ ಮೂಡಿಸುತ್ತದೆ; ಅವನ ಕಣ್ಣು ಅದರ ಮೇಲಿತ್ತು. “ಅಕ್ಕ, ಗಡಸ್ ಭಾಗದಗೆ ನಾಕೈದ್ ಬೆಳ್ಕಿನ್ ಕಣ ಇತ್ತ್ ಕಾಣಿ. ಕಬ್ಬಿಣದ್ ಗೆರಿ ಬಪ್ಪ ಜಾಗದಗೇ ಕೂಕಂಡಿತ್ತ್. ಉತ್ತರದ್ ಪರ್ದಿ ಬೇರೆ ಇಪ್ಪುಕೂ ಸಾಕಲ್ದಾ?”

“ನಾಕೈದ್ ಕಣಕ್ಕೆ ಎಂತ ಅರ್ಥ ಇತ್ತ್ ಮಾರಾಯ? ಒಂದೇ ಜೋಡಿ, ಒಂದೇ ಮೋಡ” ಎಂದು ಬಾಯಿ ಮುಚ್ಚಿಸಿದೆ. ಸಭೆಯಲ್ಲಿ ಮಾತಾಡಬೇಕಾದವಳು ನಾನು. ನನ್ನ ಜೀವನದ ಮೊದಲ ವಿದೇಶ, ಮೊದಲ ಭಾಷಣ.

ರೈಲು

ಪ್ಯಾರಿಸ್ಸಿನಲ್ಲಿ ಇಳಿದಾಗ ನಮ್ಮ ಮೊದಲ ಸೋಲು ರೊಟ್ಟಿಯಂಗಡಿಯಲ್ಲಿ ಆಯಿತು. ಒಳಗೆ ಹೋಗಿ, ಬೆರಳು ತೋರಿಸಿ, ಎರಡು ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅಂಗಡಿಯಾಕೆ ನನ್ನನ್ನು ಕಾಣದವಳಂತೆ ತಟ್ಟೆ ಒರೆಸುತ್ತಲೇ ಇದ್ದಳು. ಹಿಂದಿನಿಂದ ಬಂದ ಮುದುಕ ಮೊದಲು ಅವಳಿಗೆ ನಮಸ್ಕಾರ ಹೇಳಿದ, ಅವಳು ನಕ್ಕಳು, ಅವನಿಗೆ ರೊಟ್ಟಿ ಸಿಕ್ಕಿತು. ಆಗ ಗೊತ್ತಾಯಿತು: ಈ ದೇಶದಲ್ಲಿ ನಮಸ್ಕಾರ ಹೇಳದೆ ಏನು ಕೇಳಿದರೂ ಕೇಳಿದಂತಲ್ಲ.

“ನಮ್ಮೂರಗೆ ಒಂದ್ ‘ಹ್ವಾಯ್’ ಅಂದ್ರೆ ಮುಗೀತ್” ಎಂದ ರಘುರಾಮ. ಅಂದು ಮಧ್ಯಾಹ್ನ ರೈಲಿನಲ್ಲಿ ತಿಂಡಿಯ ಗಾಡಿ ನಮ್ಮನ್ನು ದಾಟಿ ಹೋಯಿತು. ಇವನು ಹಿಂದಿನಿಂದ ನಿಜವಾಗಿಯೂ “ಹ್ವಾಯ್!” ಎಂದು ಬಿಟ್ಟ. ಗದ್ದೆಯ ಈ ಅಂಚಿನಿಂದ ಆ ಅಂಚಿಗೆ ಕರೆದು ಬೆಳೆದ ಗಂಟಲು ಅದು. ಇಡೀ ಡಬ್ಬಿ ತಿರುಗಿ ನೋಡಿತು. ಮಲಗಿದ್ದ ಒಂದು ನಾಯಿ ಎದ್ದು ಕೂತಿತು. ನಾನು ತಲೆ ತಗ್ಗಿಸಿ, “ಮರ್ಯಾದಿ ತೆಗಿಬ್ಯಾಡ” ಎಂದು ಹಲ್ಲು ಕಚ್ಚಿ ಹೇಳಿದೆ. ಕಾಫಿಯಂತೂ ಬಂತು.

ಮದಾಮರ ಮನೆ

ಸಭೆ ನಡೆದದ್ದು ಉತ್ತರ ಕರಾವಳಿಯ ಒಂದು ಸಣ್ಣ ಊರಿನಲ್ಲಿ. ನಮಗಿಬ್ಬರಿಗೂ ಕೋಣೆ ಸಿಕ್ಕಿದ್ದು ಒಬ್ಬ ವಿಧವೆಯ ಮನೆಯಲ್ಲಿ. ಅವರನ್ನು ಮದಾಮ್ ಎಂದೇ ಕರೆದೆವು. ಅಗಲವಾದ ಕೈ, ಬೆರಳಿನ ಗಂಟುಗಳಲ್ಲಿ ಹಳೆಯ ಗಾಯದ ಗುರುತು. ಹಸಿ ಕಲ್ಲುಚಿಪ್ಪನ್ನು ಮೊಂಡು ಚೂರಿಯಿಂದ ಟಕ್ಕನೆ ತೆರೆದು, ನಿಂಬೆ ಹಿಂಡಿ, ಜೀವವಿದ್ದಂತೆಯೇ ನುಂಗುವುದನ್ನು ಕಂಡು ರಘುರಾಮ ಎದ್ದು ಹೋದ. ನಾನು ನುಂಗಿದೆ. ಕಡಲೇ ಗಂಟಲಲ್ಲಿ ಇಳಿದ ಹಾಗಾಯಿತು. ಮದಾಮ್ ಬೆನ್ನು ತಟ್ಟಿದರು. ಊರಿನಿಂದ ತಂದ ಸಿಗಡಿ ಚಟ್ನಿಯನ್ನು ನಾನು ಕೊಟ್ಟಾಗ ಅವರಿಗೆ ಕಣ್ಣಲ್ಲಿ ನೀರು ಬಂತು, ಆದರೂ ತಟ್ಟೆ ಬಳಿದರು. ಭಾಷೆ ಇಲ್ಲದೆಯೇ ನಾವಿಬ್ಬರೂ ಕಡಲ ಕಸುಬಿನ ಮನೆಯವರೆಂದು ಗೊತ್ತಾಯಿತು.

ಅವರ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಸಣ್ಣ ಪುಸ್ತಕ ತೂಗುತ್ತಿತ್ತು. ನಮ್ಮ ಮನೆಯಲ್ಲಿ ಪಂಚಾಂಗದ ಕ್ಯಾಲೆಂಡರು ತೂಗುವ ಜಾಗವೇ ಅದು. ಪುಟದ ತುಂಬ ಸಣ್ಣ ಅಂಕಿಗಳು. ಮೊದಲ ದಿನವೇ ಮದಾಮ್ ನನ್ನನ್ನು ಅದರ ಮುಂದೆ ನಿಲ್ಲಿಸಿ, ಕಡಲ ಕಡೆ ಕೈ ತೋರಿಸಿ ಏನೋ ಹೇಳಿದರು. ನೀರು ಏರಿಳಿಯುವ ಹೊತ್ತಿನ ಪಟ್ಟಿ ಎಂದು ಅರ್ಥವಾಯಿತು. ನಾನು ನಕ್ಕು ಎದೆ ಮುಟ್ಟಿಕೊಂಡು, ಗೊತ್ತು, ನಾವೂ ಕಡಲಿನವರು ಎಂದು ಸನ್ನೆ ಮಾಡಿದೆ. ಪುಸ್ತಕ ತೆರೆಯಲಿಲ್ಲ.

ತೆರೆಯಬೇಕೆಂದು ನನಗೆ ಯಾಕೆ ಅನ್ನಿಸಲಿಲ್ಲ ಎನ್ನುವುದಕ್ಕೆ ನನ್ನ ಅಬ್ಬಿಯ ಲೆಕ್ಕ ಹೇಳಬೇಕು. ಅಬ್ಬಿ ಎಂದರೆ ನಮ್ಮಲ್ಲಿ ತಾಯಿ. ಆಕೆ ಮೀನು ಒಣಗಿಸುತ್ತಾಳೆ, ಇಳಿತದ ಹೊತ್ತಿಗೆ ಬೇರೆ ಹೆಂಗಸರೊಟ್ಟಿಗೆ ಹೊಳೆಗೆ ಇಳಿದು ಚಿಪ್ಪು ಹೆಕ್ಕುತ್ತಾಳೆ. ಗಡಿಯಾರ ನೋಡುವವಳಲ್ಲ. ಹುಣ್ಣಿಮೆ, ಅಮಾವಾಸ್ಯೆಯ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ನೀರು ತುಂಬುತ್ತದೆ, ಸಂಜೆ ದೀಪ ಹಚ್ಚುವುದಕ್ಕೆ ಮುಂಚೆ ಇಳಿದು ನಿಲ್ಲುತ್ತದೆ. ಆಮೇಲೆ ತಿಥಿಗೆ ಎರಡೆರಡು ಘಳಿಗೆ ತಡ. ಇಷ್ಟೇ. ಮಗ್ಗಿ ಕಲಿಯುವ ಮೊದಲು ನಾನು ಕಲಿತದ್ದು ಇದನ್ನು. ಒಂದು ದಿನವೂ ಅದು ತಪ್ಪಿದ್ದಿಲ್ಲ.

ಬುಧವಾರ

ಬೆಳಿಗ್ಗೆ ಅಂಚೆ ಕಚೇರಿಯ ಪಕ್ಕದ ಬೂತಿನಿಂದ ಮನೆಗೆ ಫೋನು ಮಾಡಿದೆ.

“ಉಂಡ್ಯಾ ಹೆಣೆ?” ಎಂದಳು ಅಬ್ಬಿ.

“ಇಲ್ಲಿನ್ನೂ ಬೆಳಿಗ್ಗೆ, ಅಬ್ಬಿ.”

“ಅದೆಂತ ಊರೋ! ಇಲ್ಲಿ ಇವತ್ತ್ ಬಿದಿಗಿ. ಬೆಳಿಗ್ಗೆ ಇಳ್ತಕ್ಕೆ ಹೋಯಿ ಬಂದೆ, ಒಂದ್ ಬುಟ್ಟಿ ಚಿಪ್ಪ್ ಸಿಕ್ತ್. ಸಂಜಿ ಇಳ್ತಕ್ಕೂ ಹೋತೆ.”

ಆ ಮಾತು ನನ್ನ ತಲೆಯಲ್ಲಿ ಕೂತಿತು. ಬಿದಿಗೆ. ಸಂಜೆ ಇಳಿತ.

ಅಂದು ಮಧ್ಯಾಹ್ನ ಸಭೆಗೆ ಬಿಡುವು. ಎಲ್ಲರೂ ಬಸ್ಸಿನಲ್ಲಿ ಕೋಟೆ ನೋಡಲು ಹೋದರು. ಊಟದ ಮೇಜಿನಲ್ಲಿ ಉತ್ತರದ ಕೇಂದ್ರದ ಬಗ್ಗೆ ಜಗಳಾಡುತ್ತ ಕೂತ ನಮ್ಮಿಬ್ಬರಿಗೆ ಬಸ್ಸು ತಪ್ಪಿತು. ಕಡಲ ಕಡೆ ನಡೆದೆವು. ಮೂರೂವರೆಯ ಹೊತ್ತು.

ಅಂಥ ದಂಡೆಯನ್ನು ನಾನು ಕಂಡಿರಲಿಲ್ಲ. ನೀರು ಕಣ್ಣಿಗೆ ಸಿಗದಷ್ಟು ದೂರ ಹೋಗಿತ್ತು. ಬರೀ ಒದ್ದೆ ಮರಳು, ಅದರಾಚೆ ಸಾಲು ಸಾಲು ಕಪ್ಪು ಕಂಬಗಳು. ಆ ಕಂಬಗಳ ಮೇಲೆ ಅಲ್ಲಿಯವರು, ನಮ್ಮಲ್ಲಿ ನೀಲಿಕಲ್ಲು ಎನ್ನುವ ಚಿಪ್ಪು ಬೆಳೆಸುತ್ತಾರೆ.

“ನೀರ್ ಎಲ್ಲಿಗ್ ಹೋಯ್ತ್ ಅಕ್ಕ? ಯಾರೋ ಕೆರಿ ತೂಬ್ ತೆಗ್ದಾಂಗಿತ್ತ್” ಎಂದ ರಘುರಾಮ.

“ಇವತ್ತ್ ಬಿದಿಗಿ. ದೀಪ ಹಚ್ಚು ಹೊತ್ತಿನ್ ವರೆಗೆ ಇಳೀತ್ತ್. ಹೆದ್ರಬ್ಯಾಡ, ಬಾ.”

“ನಂಗೆಂತ ಗೊತ್ತಿತ್ತ್? ನಮ್ಮಲ್ಲಿ ನೀರ್ ಅಂದ್ರೆ ಗದ್ದಿ ನೀರ್. ಕಟ್ಟ ಕಡಿದ್ರೆ ಹೋತ್, ಕಟ್ಟಿದ್ರೆ ನಿಲ್ತ್.”

“ಕೊಕ್ಕರ್ಣಿಯವ್ರಿಗೆ ಕಡ್ಲ್ ಅಂದ್ರೆ ಬೈಂದೂರಿಗೆ ಹೋಪತಿಗೆ ಬಸ್ಸಿನ್ ಕಿಟ್ಕಿಯಗೆ ಕಾಂಬುದ್ ಅಷ್ಟೆ!”

ಮೆಟ್ಟಿಲ ಹತ್ತಿರ ಒಂದು ಹಲಗೆ. ಎದೆ ಮಟ್ಟದ ನೀರಿನಲ್ಲಿ ಕೈ ಎತ್ತಿದ ಮನುಷ್ಯನ ಚಿತ್ರ. ರಘುರಾಮ ಅದರ ಮುಂದೆ ನಿಂತ. “ಇದ್ ನಮ್ಗಲ್ಲ, ಪೇಟೆಯಿಂದ ಬಪ್ಪರಿಗೆ” ಎಂದೆ. ಅವನು ನನ್ನ ಹಿಂದೆ ಬಂದ. ನನ್ನ ಭಾಷಣವಿದ್ದ ಕಂಪ್ಯೂಟರಿನ ಚೀಲ ಅವನ ಹೆಗಲಲ್ಲಿತ್ತು.

ಅರ್ಧ ದಾರಿಯಲ್ಲಿ ಒಂದು ಕಾಲುವೆ. ಪಾದ ಮುಳುಗುವಷ್ಟು ನೀರು, ದಾಟಿದೆವು. ಕಂಬಗಳ ಹತ್ತಿರ ಮರಳಿನಲ್ಲಿ ಸಣ್ಣ ತೂತುಗಳು ಕಂಡವು. ತೂತು ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಕೂತು ಬಗೆದೆ. ದುಂಡನೆಯ ಚಿಪ್ಪುಗಳು, ನಮ್ಮವಕ್ಕಿಂತ ಬೆಳ್ಳಗೆ. ರಘುರಾಮನ ಟೊಪ್ಪಿ ತುಂಬತೊಡಗಿತು. ಮದಾಮಿಗೆ ಸುಕ್ಕ ಮಾಡಿ ತೋರಿಸುತ್ತೇನೆ ಎಂದೆಲ್ಲ ಹೇಳುತ್ತಿದ್ದೆ. ಮುಂದೆ ನೋಡಿದರೆ ನೀರು ಇನ್ನೂ ದೂರವೇ. ಅರ್ಧ ಗಂಟೆಯೋ, ಮುಕ್ಕಾಲು ಗಂಟೆಯೋ.

“ಅಕ್ಕ, ಆ ಕಾಲುವಿ ಅಷ್ಟ್ ಅಗಲ ಇದ್ದಿತಾ?”

ತಿರುಗಿದೆ. ನಾವು ದಾಟಿ ಬಂದ ಕಾಲುವೆ ಈಗ ಹೊಳೆಯಾಗಿತ್ತು. ದಂಡೆಗೂ ನಮಗೂ ನಡುವೆ ನೀರು ಅಡ್ಡಡ್ಡ ಓಡುತ್ತಿತ್ತು, ಸದ್ದಿಲ್ಲದೆ, ಬೂದು ಬಣ್ಣದಲ್ಲಿ. ಕಡಲು ಎದುರಿನಿಂದ ಬಂದಿರಲಿಲ್ಲ. ಹಿಂದಿನಿಂದ ಬಂದಿತ್ತು.

ಓಡಿದೆವು. ಕಾಲುವೆಯ ಅಂಚು ತಲುಪುವಾಗ ತೊಡೆ ಮಟ್ಟ. ನಾಲ್ಕು ಹೆಜ್ಜೆಗೆ ಸೊಂಟ. ರಘುರಾಮನಿಗೆ ಈಜು ಬರುವುದಿಲ್ಲ. ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡು ಅವನು ನಿಂತುಬಿಟ್ಟ. ಸೆಳೆತಕ್ಕೆ ಅವನ ಕಾಲಡಿಯ ಮರಳು ಜಾರುತ್ತಿತ್ತು.

“ನೀವ್ ಈಜಿ ಹೋಯ್ನಿ ಅಕ್ಕ. ಯಾರನ್ನಾರೂ ಕರ್ಕಂಡ್ ಬನ್ನಿ. ನಾ ನಿಲ್ತೆ.”

ನಿಲ್ಲಲಾರ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆಚೆ ದಡ ನೋಡಿದೆ, ಅಗಲ ಅಳೆದೆ. ಒಬ್ಬಳೇ ಆದರೆ ದಾಟಬಲ್ಲೆ ಅನ್ನಿಸಿತು. ಒಂದು ಹೆಜ್ಜೆ ಹಾಕಿದೆ.

ಈ ಒಂದು ಹೆಜ್ಜೆಯೇ. ಬಸ್ಸಿಗೆ ಕಾಯುವಾಗ, ಪಾಠ ಮಾಡುವಾಗ, ಅಕ್ಕಿ ತೊಳೆಯುವಾಗ ನಾನು ಮತ್ತೆ ಮತ್ತೆ ಹಾಕುವುದು ಈ ಹೆಜ್ಜೆಯನ್ನೇ. ಮರುಕ್ಷಣ ನಾನು ಅವನ ಪಕ್ಕದಲ್ಲಿ, ಅವನ ರಟ್ಟೆ ಹಿಡಿದು ನಿಂತಿದ್ದೆ. ನಾನಾಗಿ ತಿರುಗಿ ಬಂದೆನೋ, ಸೆಳೆತ ನನ್ನನ್ನು ಅವನ ಕಡೆ ತಳ್ಳಿತೋ, ನನಗೆ ಇವತ್ತಿಗೂ ತಿಳಿಯದು. ಅವನು ಆ ಹೆಜ್ಜೆಯನ್ನು ನೋಡಿದ್ದ.

ಇಬ್ಬರೂ ಹಿಂದೆ ಸರಿದು ಕಂಬಗಳ ಪಕ್ಕದ ದಿಣ್ಣೆ ಹತ್ತಿದೆವು. ದಿಣ್ಣೆ ಚಿಕ್ಕದಾಗುತ್ತಿತ್ತು. ರಘುರಾಮ ಚೀಲವನ್ನು ನನ್ನ ಕೈಗೆ ಕೊಟ್ಟು, ಎರಡು ಕೈಗಳನ್ನೂ ಬಾಯಿಗೆ ಹಿಡಿದು ಕೂಗಿದ.

“ಹ್ವಾ...ಯ್!”

ಮೂರನೆಯ ಕೂಗಿಗೆ, ಕಂಬಗಳ ಸಾಲಿನ ಕೊನೆಯಲ್ಲಿ ದಡದತ್ತ ಮರಳುತ್ತಿದ್ದ ಒಂದು ಟ್ರ್ಯಾಕ್ಟರು ನಿಂತಿತು.

ಹಳದಿ ಅಂಗಿಯ ಚಾಲಕ ನಮ್ಮನ್ನು ಹಿಂದಿನ ಗಾಡಿಗೆ, ಚಿಪ್ಪಿನ ಚೀಲಗಳ ಮೇಲೆ ಎಳೆದು ಹಾಕಿದ. ದೊಡ್ಡ ಚಕ್ರಗಳು ಅರ್ಧ ಮುಳುಗಿಯೇ ಕಾಲುವೆ ದಾಟಿದವು. ದಂಡೆಯಲ್ಲಿ ಇಳಿಸಿದವನು ಬಯ್ಯಲಿಲ್ಲ. ಗಡಿಯಾರ ಮುಟ್ಟಿ ತೋರಿಸಿ, ಹರಕು ಇಂಗ್ಲಿಷಿನಲ್ಲಿ, ನಿಮಗೆ ಹೊತ್ತು ಹೇಳಿದವರು ಯಾರು ಎಂದು ಕೇಳಿದ.

“ನಾವಿಬ್ಬರೂ ತಪ್ಪು ತಿಳಿದೆವು” ಎಂದ ರಘುರಾಮ.

ನಾನು ಬಗ್ಗಿ ಬಟ್ಟೆಯ ನೀರು ಹಿಂಡತೊಡಗಿದೆ.

ಸಂಜೆ ಕೋಟೆಯಿಂದ ಬಂದವರೆಲ್ಲ ಸುತ್ತ ನೆರೆದು, ಇಲ್ಲಿಯ ಕಡಲೇ ಹಾಗೆ, ಕುದುರೆಯಂತೆ ಬರುತ್ತದೆ ಎಂದು ಸಮಾಧಾನ ಹೇಳಿದರು. ನಾನು ಹೌದು ಹೌದು ಎಂದೆ. ಕಡಲಿನ ಮೇಲೆ ಹೊರಿಸುವುದು ಎಷ್ಟು ಸುಲಭ! ಮದಾಮ್ ಮಾತ್ರ ಬಿಸಿ ಸೂಪು ತಂದಿಟ್ಟರು, ಮೊಳೆಯಿಂದ ಪುಸ್ತಕ ತೆಗೆದು ನನ್ನ ಬಟ್ಟಲಿನ ಪಕ್ಕ ತೆರೆದಿಟ್ಟರು. ಇಳಿತ, ಮಧ್ಯಾಹ್ನ ಮೂರು ಮೂವತ್ತೈದು. ನಾವು ಮರಳಿಗೆ ಇಳಿದ ಹೊತ್ತಿಗೇ ನೀರು ತಿರುಗಿತ್ತು. ನಮ್ಮಲ್ಲಿ ಆಳೆತ್ತರವೂ ಏರದ ನೀರು ಅಲ್ಲಿ ಅಂದು ಒಂದು ತೆಂಗಿನ ಮರವನ್ನೇ ಮುಳುಗಿಸುವಷ್ಟು ಏರುವುದಿತ್ತು. ಚಂದ್ರ ಅದೇ, ಬಿದಿಗೆಯೂ ಅದೇ. ಆದರೆ ಚಂದ್ರ ಎಳೆದ ನೀರು ಯಾವ ಊರಿಗೆ ಯಾವ ಹೊತ್ತಿಗೆ ಮುಟ್ಟಬೇಕೆಂದು ಹೇಳುವುದು ಆ ಊರಿನ ನೆಲ, ಆ ಊರಿನ ಕೊಲ್ಲಿ. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ, ಪರೀಕ್ಷೆಗೆ ಪ್ರಶ್ನೆಯನ್ನೂ ಕೊಟ್ಟಿದ್ದೇನೆ.

ಗುರುವಾರ

ಬೆಳಿಗ್ಗೆ ಮೆಟ್ಟಿಲ ಮೇಲೆ ರಘುರಾಮ ಶೂ ಒಳಗಿನ ಮರಳು ಕೊಡವುತ್ತಿದ್ದ. ಪಕ್ಕದಲ್ಲಿ ಕೂತೆ.

“ತಪ್ಪ್ ನಂದ್” ಎಂದೆ. “ನಮ್ಮ ಹೊಳಿ ಲೆಕ್ಕ ಇಲ್ಲಿಗ್ ಹಾಕ್ದೆ. ನೀ ಯಾಕ್ ಇಬ್ರೂ ಅಂದೆ?”

“ಮತ್ತೆಂತ ಹೇಳುದ್? ನಾ ಕಣ್ಣ್ ಮುಚ್ಕಂಡ್ ಬಂದದ್ದೂ ತಪ್ಪೇ ಅಲ್ದಾ? ಹಲಗಿ ಕಂಡಿದ್ದೆ.”

“ನಾ ಒಂದ್ ಹೆಜ್ಜಿ...” ಎಂದು ಶುರು ಮಾಡಿದೆ.

“ಗೊತ್ತಿತ್ತ್” ಎಂದ. ಇನ್ನೊಂದು ಶೂ ಕೊಡವಿದ. ಮರಳು ಮುಗಿಯಲೇ ಇಲ್ಲ. ಆಮೇಲೆ ಕೇಳಿದ: “ಮಧ್ಯಾಹ್ನ ನಿಮ್ಮ ಮಾತಿತ್ತಲ್ದಾ, ಈಗ ಉತ್ತರದ್ದ್ ಒಂದ್ ಸಲ ಕಾಂಬನಾ?”

ಕ್ಷಮಿಸಿದೆ ಎನ್ನಲಿಲ್ಲ. ಉತ್ತರದ್ದು ನೋಡೋಣವೇ ಎಂದ.

ಕಂಪ್ಯೂಟರು ಒದ್ದೆಯಾಗಿರಲಿಲ್ಲ. ಅಡುಗೆಮನೆಯ ಮೇಜಿನಲ್ಲಿ ಕೂತು ಅವನ ಆ ನಾಲ್ಕೈದು ಕಣಗಳನ್ನು ನಾನು ಮೊದಲ ಸಲ ನಿಜವಾಗಿ ನೋಡಿದೆ. ದಕ್ಷಿಣದ ಪರದೆಯ ದಪ್ಪವನ್ನು ತೆಗೆದು, ಉತ್ತರಕ್ಕೆ ಅದರದೇ ಆದ ದಪ್ಪ ಇರಲಿ, ಎಷ್ಟೆಂದು ನಮಗೆ ಗೊತ್ತಿಲ್ಲ ಎಂದು ಬಿಟ್ಟು ಲೆಕ್ಕ ಹಾಕಿದೆವು. ಮಂಕು ಬೆಳಕಿಗೆ ಎರಡು ಅರ್ಥ ಬಂದವು: ತೆಳು ಪರದೆಯ ಹಿಂದೆ ಮಲಗಿದ ಕೇಂದ್ರ, ಅಥವಾ ದಪ್ಪ ಪರದೆಯ ಹಿಂದೆ ದಕ್ಷಿಣದಷ್ಟೇ ಉರಿಯುವ ಕೇಂದ್ರ. ನಮ್ಮ ದತ್ತಾಂಶ ಯಾವುದನ್ನೂ ತಳ್ಳಿಹಾಕಲಿಲ್ಲ. ಒಂದು ಕಡೆಯ ಅಳತೆಯನ್ನು ಇನ್ನೊಂದು ಕಡೆಗೆ ಹಾಕಿ, ಅದನ್ನೇ ನಿಜವೆಂದು ನಂಬಿಕೊಂಡು ನಾನು ಸಾವಿರಾರು ಮೈಲಿ ಬಂದಿದ್ದೆ.

ಭಾಷಣ ಚೆನ್ನಾಗಿ ಆಗಲಿಲ್ಲ. ‘ಉತ್ತರದ ಕೇಂದ್ರ ಎಚ್ಚರವಿಲ್ಲ’ ಎಂಬ ಪುಟ ಬಂದಾಗ ಅದನ್ನು ದಾಟಿಸದೆ ನಿಂತೆ. ಇದು ನನ್ನ ತಪ್ಪು, ಎರಡಕ್ಕೂ ಒಂದೇ ಪರದೆ ಎಂದು ನಾನೇ ಊಹಿಸಿದೆ, ನನ್ನ ಜೊತೆಗಾರ ಮೊದಲೇ ಬೇಡ ಎಂದಿದ್ದ ಎಂದು ಹೇಳಿದೆ. ಹಾಗಾದರೆ ನಿಮ್ಮ ತೀರ್ಮಾನವೇನು ಎಂದು ಯಾರೋ ಕೇಳಿದರು. ಗೊತ್ತಿಲ್ಲ ಎಂದೆ. ಗಂಟೆ ಬಾರಿಸಿತು. ಚಪ್ಪಾಳೆ ತೆಳುವಾಗಿತ್ತು. ಹಿಂದಿನ ಸಾಲಿನಲ್ಲಿ ರಘುರಾಮ ಚಪ್ಪಾಳೆ ತಟ್ಟಲೂ ಇಲ್ಲ; ಹಿಂದಿನ ದಿನ ಆ ಹೆಜ್ಜೆ ಹಾಕಿದ ನನ್ನ ಕಾಲನ್ನೇ ನೋಡುತ್ತಿದ್ದ.

ಹೊರಡುವ ದಿನ ಮದಾಮ್ ಆ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತರು. ಅವರ ಊರಿನ ನೀರಿನ ಹೊತ್ತು, ಆ ವರ್ಷದ್ದು. ತ್ರಾಸಿಯಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ಅದಕ್ಕೇ ಕೊಟ್ಟರೋ ಏನೋ.

ಮತ್ತೆ ತ್ರಾಸಿ

ಅಬ್ಬಿಗೆ ನಾನು ಕತೆಯನ್ನು ಅರ್ಧ ಹೇಳಿದೆ. ನೀರು ಬೇಗ ಬಂತು ಎಂದೆ. ಅವಳು ಒಣಮೀನು ಮಗುಚುತ್ತ ಕೇಳಿದಳು:

“ಅಲ್ಲಿಯರ್‍ನ ಕೇಣ್ಲಿಲ್ಯಾ?”

“ಬಿದಿಗಿ ಅಂದ್ ನೀನೇ ಹೇಳಿದ್ದಲ್ದಾ?”

“ನಾ ಹೇಳಿದ್ದ್ ನಮ್ಮ ಹೊಳಿಗೆ. ಬೈಂದೂರಗಿದ್ದ ತೌರಿಂದ ಇಲ್ಲಿಗ್ ಮದಿ ಆಯ್ ಬಂದವ್ಳು, ಮೊದ್ಲ್ ದಿನ ಅತ್ತಿ ಹತ್ರ ನಾ ಕೇಂಡದ್ದೇ ಅದ್, ಇಲ್ಲಿ ನೀರ್ ಯಾವಾಗ ತಿರ್ಗತ್ತ್ ಅಂದ್. ಹದಿನೈದ್ ಮೈಲಿಗೇ ಬೇರೆ ಆತ್ತ್. ಅದ್ ಹೇಳಿ ಕೊಡುದಾ ಹೆಣೆ? ಎಲ್ಲ್ರೂ ಕೇಂತ್ರ್.”

ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹುಟ್ಟಿದಲ್ಲೇ ನೀರಿಗೆ ಇಳಿದವಳು.

ಕೆಲವು ವರ್ಷಗಳ ನಂತರ, ಇನ್ನೂ ಗಡಸಾದ ಎಕ್ಸ್-ರೇ ನೋಡಬಲ್ಲ ದೂರದರ್ಶಕವೊಂದು ಮೇಲೆ ಹೋಯಿತು. ಬೇರೆ ಯಾರೋ ನಮ್ಮ ಜೋಡಿಯನ್ನೇ ದೀರ್ಘವಾಗಿ ನೋಡಿದರು. ಉತ್ತರದ ಕೇಂದ್ರ ಉರಿಯುತ್ತಿತ್ತು, ಬಹಳ ದಪ್ಪ ಪರದೆಯ ಹಿಂದೆ. ರಘುರಾಮ ಮೊಬೈಲಿಗೆ ಒಂದೇ ಸಾಲು ಕಳಿಸಿದ: “ಎಚ್ಚರ ಇತ್ತ್ ಅಕ್ಕ.” ನಾನು ಮೊದಲೇ ಹೇಳಿದ್ದೆ ಎಂದು ಅವನು ಸೇರಿಸಲಿಲ್ಲ.

ಆ ವಾರವೇ ಅವನು ಹೆಂಡತಿ, ಮಗಳನ್ನು ಕರೆದುಕೊಂಡು ಆನೆಗುಡ್ಡೆಯ ದೇವಸ್ಥಾನಕ್ಕೆ ಬಂದವನು ಹಾಗೇ ನಮ್ಮ ಮನೆಗೂ ಬಂದ. ಮಗಳಿಗೆ ಚಿಪ್ಪು ಹೆಕ್ಕುವುದನ್ನು ನೋಡಬೇಕಿತ್ತು. ಅಬ್ಬಿಯೂ ಸೇರಿ ಎಲ್ಲರೂ ಹೊಳೆಬದಿಗೆ ಹೋದೆವು. ನೀರು ಇಳಿದಿತ್ತು, ಹೆಂಗಸರು ಆಗಲೇ ಬಗ್ಗಿ ಬಗೆಯುತ್ತಿದ್ದರು. ಇದು ನನ್ನ ಹೊಳೆ. ಇದರ ಹೊತ್ತು ನಿದ್ದೆಯಲ್ಲೂ ಹೇಳಬಲ್ಲೆ.

ರಘುರಾಮ ಚಪ್ಪಲಿ ಬಿಟ್ಟ. ಮಗಳ ಕೈ ಹಿಡಿದ. ನೀರಿಗೆ ಕಾಲಿಡುವ ಮೊದಲು ನನ್ನ ಭುಜದ ಮೇಲಿನಿಂದ ಆಚೆ ನೋಡಿ, ಅಬ್ಬಿಯನ್ನು ಕೇಳಿದ:

“ಅಮ್ಮ, ಇಲ್ಲಿ ನೀರ್ ಯಾವಾಗ ತಿರ್ಗತ್ತ್?”

ಅಬ್ಬಿ ಬುಟ್ಟಿ ಕೆಳಗಿಟ್ಟು ಹೊಳೆ ನೋಡಿದಳು. ಅವಳು ಬಾಯಿ ತೆರೆಯುವವರೆಗೆ ನಾನೂ ಕಾಲಿಡಲಿಲ್ಲ.